ದಾಖಲಾತಿ ಪುಸ್ತಕದಲ್ಲಿ ಉಳಿದ ಹೆಸರುಗಳು

ಮೂರು ರಾಯರ ಹಬ್ಬ ಕಳೆದು ಮನೆಗಳಲ್ಲಿ ಗೋದಲಿಯನ್ನು ಬಿಚ್ಚುವ ಹೊತ್ತಿಗೆ ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯರ ಸಂಘದ ವಾರ್ಷಿಕ ಮಿಲನದ ದಿನಗಳು ಸಮೀಪಿಸುತ್ತವೆ. ಜನವರಿ ತಿಂಗಳ ಎರಡನೆಯ ಶನಿವಾರ ಮತ್ತು ಅದರ ಮರುದಿನದ ಭಾನುವಾರ ಎಂಬುದು ಬಹಳ ಹಿಂದೆಯೇ ನಿಶ್ಚಯವಾದ ಕ್ರಮ. ಸರಕಾರಿ ನೌಕರಿಯಲ್ಲಿರುವವರಿಗೆ ಅಂದು ರಜೆ. ಕ್ರಿಸ್ತಜಯಂತಿಗೆಂದು ಮುಂಬಯಿಯಿಂದ, ಕೊಲ್ಲಿ ರಾಷ್ಟ್ರಗಳಿಂದ ಊರಿಗೆ ಬಂದವರಲ್ಲಿ ಕೆಲವರಾದರೂ ಇನ್ನೂ ಮರಳಿ ಹೊರಟಿರುವುದಿಲ್ಲ. ಇಂತಹ ಮಿಲನಗಳು ಇಂದು ಎಲ್ಲ ಶಾಲೆಗಳಲ್ಲಿಯೂ ನಡೆಯುತ್ತವೆ. ಹಾಡು, ಆಟ, ಊಟ, ಸನ್ಮಾನ, ಒಂದಿಷ್ಟು ದಾನಧರ್ಮ ಎಲ್ಲೆಡೆಯೂ ಇರುವಂಥದ್ದೇ. ಆದರೆ ಎರಡು ದಿನಗಳ ಈ ಸಂಭ್ರಮದೊಳಗೆ ಒಂದು ಪ್ರಶ್ನೆ ಅಡಗಿ ಕುಳಿತಿದೆ. ಶಾಲೆಯೊಂದರ ಮಕ್ಕಳೆಂದರೆ ಯಾರು? ಆ ಪ್ರಶ್ನೆಯನ್ನು ನಮ್ಮ ಸಂಘ ಎದುರಿಸಬೇಕಾಗಿ ಬಂದ ಬಗೆಯನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯುವವರು ಧರ್ಮಭಗಿನಿಯರನ್ನು ಬಿಟ್ಟು ಬರೆಯುವಂತಿಲ್ಲ. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ 1823ರಲ್ಲಿ ಜನಿಸಿದ ಸೋಫಿ ಲೀವ್ಸ್ ಮುಂದೆ ಕಥೋಲಿಕ ಧರ್ಮಸಭೆಯನ್ನು ಸೇರಿ, ಮದರ್ ವೆರೋನಿಕಾ ಎಂಬ ಹೆಸರಿನಿಂದ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ 1868ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಸಿದ್ಧಗೊಂಡ ಮೂವರು ಭಗಿನಿಯರು 1870ರ ನವೆಂಬರ್ ತಿಂಗಳಲ್ಲಿ ಮಂಗಳೂರಿಗೆ ಬಂದಿಳಿದರು. ಅವರನ್ನು ಬರಮಾಡಿಕೊಂಡವರು ಆಗ ಮಂಗಳೂರಿನ ಧರ್ಮಾಧಿಕಾರಿಯಾಗಿದ್ದ ಕಾರ್ಮೆಲ್ ಸಭೆಯ ಮರಿ ಎಫ್ರೆಮ್. ಮಂಗಳೂರಿನ ಸಂತ ಅನ್ನಮ್ಮನವರ ಶಾಲೆ ಈ ಆಗಮನದ ಫಲ. 1887ರಲ್ಲಿ ಯೇಸುಸಭೆಯ ಗುರು ಅರ್ಬನ್ ಸ್ಟೈನ್ ಅವರ ಮಾರ್ಗದರ್ಶನದಲ್ಲಿ ಮಂಗಳೂರಿನಲ್ಲಿಯೇ ಉರ್ಸುಲೈನ್ ಫ್ರಾನ್ಸಿಸ್ಕನ್ ಭಗಿನಿಯರ ಸಂಸ್ಥೆ ಮೊಳಕೆಯೊಡೆಯಿತು. 1921ನೆಯ ಇಸವಿಯಂತೂ ನೆನಪಿನಲ್ಲಿಡಬೇಕಾದದ್ದು. ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ತೆರೆದದ್ದು ಅದೇ ವರ್ಷ. ಬೆಂದೂರಿನ ವಿಚಾರಣಾ ಗುರುಗಳಾಗಿದ್ದ ರೇಮಂಡ್ ಮಸ್ಕರೇನಸ್ ಅವರು ಬೆಥನಿ ಸಂಸ್ಥೆಗೆ ಅಡಿಪಾಯ ಹಾಕಿದ್ದೂ ಅದೇ ವರ್ಷ. ಪೇಟೆಯ ಶಾಲೆಗಳಿಗೆ ಬರಲಾರದ ಹಳ್ಳಿಯ ಹೆಣ್ಣುಮಕ್ಕಳ ಬಳಿಗೆ ಶಾಲೆಯೇ ನಡೆದುಹೋಗಬೇಕು ಎಂಬುದು ಬೆಥನಿಯ ಹಿಂದಿನ ಚಿಂತನೆಯಾಗಿತ್ತು.

ನಮ್ಮದು ಅಂತಹ ಹೆಸರಾಂತ ವಿದ್ಯಾಸಂಸ್ಥೆಯೇನೂ ಅಲ್ಲ. ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯ ಅಂಚಿನಲ್ಲಿ, ಇಗರ್ಜಿಯ ಹಿಂಬದಿಯ ದಿಣ್ಣೆಯ ಮೇಲೆ ನಿಂತಿರುವ ಹೆಂಚಿನ ಮಾಡಿನ ಕನ್ನಡ ಮಾಧ್ಯಮ ಶಾಲೆ. ಒಂದು ಬದಿಯಲ್ಲಿ ಭಗಿನಿಯರ ಮಠ, ಮತ್ತೊಂದು ಬದಿಯಲ್ಲಿ ದೂರದ ಹಳ್ಳಿಗಳ ಹುಡುಗಿಯರಿಗಾಗಿ ಒಂದು ಚಿಕ್ಕ ವಸತಿನಿಲಯ. ರೈಲು ಕಂಬಿಯ ತುಂಡೊಂದನ್ನು ಮಾವಿನ ಮರಕ್ಕೆ ತೂಗುಹಾಕಿ ಗಂಟೆ ಬಾರಿಸುತ್ತಿದ್ದರು. ನಾನು ಅಲ್ಲಿ ಓದಿದ್ದು 1970ರ ದಶಕದಲ್ಲಿ. ಕ್ರೈಸ್ತರ ಮಕ್ಕಳಿಗಿಂತ ಬೇರೆ ಮನೆಗಳ ಮಕ್ಕಳೇ ಹೆಚ್ಚು. ಬಿಲ್ಲವರು, ಬಂಟರು, ಮೊಗವೀರರು, ಜೈನರು, ಬ್ಯಾರಿ ಮುಸಲ್ಮಾನರು, ಗೌಡ ಸಾರಸ್ವತರು ಎಲ್ಲರ ಹೆಣ್ಣುಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತೆವು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ನುಡಿಯುತ್ತಿದ್ದ ನಮಗೆಲ್ಲ ಕನ್ನಡವು ಶಾಲೆ ಕೊಟ್ಟ ಭಾಷೆ. ಒಬ್ಬರ ಮನೆಮಾತು ಮತ್ತೊಬ್ಬರಿಗೆ ತಿಳಿಯದಿದ್ದಾಗ ನಮ್ಮ ಜಗಳಗಳೂ ಕನ್ನಡದಲ್ಲಿಯೇ ನಡೆದವು, ರಾಜಿಯೂ ಕನ್ನಡದಲ್ಲಿಯೇ ಆಯಿತು.

ಆ ಕಾಲದ ನಮ್ಮ ಊರಿನ ಬಡತನವನ್ನು ಅರಿಯಬೇಕಾದರೆ ಬೀಡಿಯ ವಿಷಯ ಹೇಳದೆ ವಿಧಿಯಿಲ್ಲ. ಮನೆಮನೆಯ ಜಗಲಿಯಲ್ಲಿ ಹೆಂಗಸರು ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ರಾತ್ರಿ ನೆನೆಸಿಟ್ಟ ಎಲೆಯನ್ನು ಅಚ್ಚಿಟ್ಟು ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಕಟ್ಟುಗಳನ್ನು ಲೆಕ್ಕಮಾಡಿ ಬ್ರಾಂಚಿಗೆ ಒಯ್ದು ಕೊಡಬೇಕು. ಸರಿಯಿಲ್ಲದ ಬೀಡಿಯನ್ನು ಅಲ್ಲಿ ತೆಗೆದುಹಾಕುತ್ತಿದ್ದರು. ಅದರ ಕೂಲಿ ಹೋಯಿತು. ತಾಯಿ ಎಲೆ ಕತ್ತರಿಸಿದರೆ ಮಗಳು ಸುತ್ತುವುದು, ಚಿಕ್ಕವಳು ತುದಿ ಮಡಿಸುವುದು ಮನೆಯ ಪದ್ಧತಿ. ಬೆಳಗಿನ ಜಾವದಿಂದ ಬೀಡಿ ಕಟ್ಟಿ ಶಾಲೆಗೆ ಬರುತ್ತಿದ್ದ ಗೆಳತಿಯರ ಬೆರಳುಗಳಿಂದ ಹೊಗೆಸೊಪ್ಪಿನ ವಾಸನೆ ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ 1976ರಲ್ಲಿ ಬಂದಿತು, ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನವೂ ಬಂದಿತು. ಆದರೆ ಗುರುತಿನ ಚೀಟಿ ಇದ್ದವರಿಗಷ್ಟೇ ಅದರ ಪ್ರಯೋಜನ. ನೆರೆಮನೆಯವರ ಪುಸ್ತಕದಲ್ಲಿ ಬೀಡಿ ಕೊಡುತ್ತಿದ್ದವರ ಮಕ್ಕಳಿಗೆ ಅದು ದೂರದ ಮಾತು.

ಈಗ ಮಿಲನದ ಎರಡು ದಿನಗಳ ವಿಷಯಕ್ಕೆ ಬರುತ್ತೇನೆ. ಶನಿವಾರ ಬೆಳಗ್ಗೆ ಹತ್ತಕ್ಕೆ ಹಳೆಯ ಕಂಬಿಯ ಗಂಟೆಯನ್ನೇ ಬಾರಿಸುತ್ತಾರೆ. ಅಜ್ಜಿಯರಾದವರೂ ಎತ್ತರಕ್ಕೆ ತಕ್ಕಂತೆ ಸಾಲುಗಟ್ಟಿ ನಿಲ್ಲಬೇಕು. ಪ್ರಾರ್ಥನೆ, ನಾಡಗೀತೆ, ದಿನದ ಸುಭಾಷಿತ. ಆ ಬಳಿಕ ಎಲ್ಲರೂ ಮೌನವಾಗಿ ಮಠದ ಹಿಂದಿನ ಚಿಕ್ಕ ಸ್ಮಶಾನಕ್ಕೆ ನಡೆದು, ನಮಗೆ ಕಲಿಸಿದ ಭಗಿನಿಯರ ಸಮಾಧಿಗಳ ಮೇಲೆ ಒಂದೊಂದು ಹೂವಿಡುತ್ತೇವೆ. ಕಲ್ಲಿನ ಮೇಲೆ ಇರುವುದು ಹೆಸರು ಮತ್ತು ಎರಡು ತಾರೀಕುಗಳು ಮಾತ್ರ. ಲೆಕ್ಕ ತಪ್ಪಿದರೆ ಕಿವಿ ಹಿಂಡಿದವರು, ಮುಟ್ಟಿನ ಮೊದಲ ದಿನ ಬೆದರಿ ನಿಂತವಳನ್ನು ತಮ್ಮ ಕೋಣೆಗೆ ಕರೆದೊಯ್ದು ಸಮಾಧಾನ ಹೇಳಿದವರು, ಮದುವೆ ನಿಶ್ಚಯವಾದ ಹದಿನಾಲ್ಕರ ಹುಡುಗಿಯ ಮನೆಗೆ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ತಂದೆಯೊಡನೆ ವಾದಿಸಿದವರು ಆ ಕಲ್ಲುಗಳ ಕೆಳಗೆ ಮಲಗಿದ್ದಾರೆ. ಅವರಲ್ಲಿ ಯಾರಿಗೂ ತಮ್ಮದೆಂಬ ಮನೆ ಇರಲಿಲ್ಲ, ಉಳಿತಾಯದ ಖಾತೆ ಇರಲಿಲ್ಲ. ಹಿಂದೂ, ಮುಸಲ್ಮಾನ ಗೆಳತಿಯರು ತಮ್ಮ ಪದ್ಧತಿಯಂತೆ ಕೈಮುಗಿದೋ ಕೈಯೊಡ್ಡಿಯೋ ನಿಲ್ಲುತ್ತಾರೆ. ನಮ್ಮ ಮಿಲನದ ಅತ್ಯಂತ ಗಂಭೀರವಾದ ಗಳಿಗೆ ಇದೇ ಎಂದು ನನ್ನ ಭಾವನೆ.

ಮಧ್ಯಾಹ್ನದ ಬಳಿಕ ತ್ರೋಬಾಲ್ ಪಂದ್ಯ, ಹಳೆಯ ಹಾಡುಗಳು, ಸಂಜೆಗೆ ಚಹಾ, ಅವಲಕ್ಕಿ, ಬಾಳೆಹಣ್ಣು. ದೂರದಿಂದ ಬಂದವರು ರಾತ್ರಿ ವಸತಿನಿಲಯದಲ್ಲಿಯೇ ಚಾಪೆ ಹಾಸಿಕೊಂಡು ಮಲಗುತ್ತಾರೆ. ಮಲಗುತ್ತಾರೆ ಎಂಬುದು ಹೆಸರಿಗೆ, ಬೆಳಗಿನ ತನಕ ಮಾತು ಮುಗಿಯುವುದಿಲ್ಲ. ಭಾನುವಾರ ಬೆಳಗ್ಗೆ ಪ್ರಾರ್ಥನಾಲಯದಲ್ಲಿ ಬಲಿಪೂಜೆ, ಅನಂತರ ಮಹಾಸಭೆ, ಕೊನೆಯಲ್ಲಿ ಸಹಭೋಜನ. ನೀರುದೋಸೆ, ಕೋಳಿ ಸುಕ್ಕ, ಸಸ್ಯಾಹಾರಿಗಳಿಗೆ ಕಡಲೆ ಸುಕ್ಕ, ಎಲ್ಲರಿಗೂ ಹೆಸರುಬೇಳೆ ಪಾಯಸ.

ಸಂಘದ ಸೇವಾಕಾರ್ಯವು ಆರಂಭವಾದದ್ದು ವಸತಿನಿಲಯಕ್ಕೆ ಅಕ್ಕಿ ಕೊಡುವುದರಿಂದ. ಬಂದವರು ತಲಾ ಒಂದು ಸೇರು ಅಕ್ಕಿ ತರಬೇಕೆಂಬ ನಿಯಮವಿತ್ತು. ಕ್ರಮೇಣ ಅಕ್ಕಿಯ ಸ್ಥಾನದಲ್ಲಿ ಹಣ ಬಂದಿತು. ಕಣ್ಣಿನ ದೋಷವಿರುವ ಮಕ್ಕಳಿಗೆ ಕನ್ನಡಕ, ಬಸ್ಸಿನ ಪಾಸು, ಹತ್ತನೆಯ ತರಗತಿಯ ಬಳಿಕ ಪದವಿಪೂರ್ವ ಶಿಕ್ಷಣಕ್ಕೆ ನೆರವು ಎಂದು ಕಾರ್ಯ ವಿಸ್ತರಿಸಿತು. ಬ್ಯಾಂಕಿನಲ್ಲಿ ಕೆಲಸ ಮಾಡಿದವಳೆಂಬ ಕಾರಣಕ್ಕೆ ಕೋಶಾಧಿಕಾರಿಯ ಹೊಣೆ ನನ್ನ ಹೆಗಲಿಗೆ ಬಿದ್ದು ಹಲವು ವರ್ಷಗಳಾದವು. ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಡುವ 2009ರ ಕಾಯ್ದೆಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಹೆಣ್ಣುಮಗಳೊಬ್ಬಳು ಶಾಲೆ ಬಿಡುವ ಅಪಾಯ ಹೆಚ್ಚುವುದು ಆ ವಯಸ್ಸು ದಾಟಿದ ಮೇಲೆಯೇ. ಒಂಬತ್ತು, ಹತ್ತನೆಯ ತರಗತಿಗಳ ಮೇಲೆ ನಾವು ಹೆಚ್ಚು ಗಮನವಿಟ್ಟದ್ದು ಅದಕ್ಕಾಗಿ.

ಸೇವೆಗೆ ಸದ್ಭಾವನೆಯಷ್ಟೇ ಸಾಲದು, ಲೆಕ್ಕವೂ ಬೇಕು. ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷವರ್ಷವೂ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಹೊರದೇಶದ ಗೆಳತಿಯರು ಕಳುಹಿಸುವ ಹಣದ ವಿಷಯದಲ್ಲಂತೂ ಎಚ್ಚರ ಅಗತ್ಯ. ದುಬೈಯಲ್ಲೋ ಕುವೈತಿನಲ್ಲೋ ದುಡಿಯುತ್ತಿದ್ದರೂ ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವನ್ನು ಕಾನೂನು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಕೆನಡಾದ ಪೌರತ್ವ ಪಡೆದ ನಮ್ಮದೇ ಸಹಪಾಠಿ ಕಳುಹಿಸಿದರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು 2010ರ ಕಾಯ್ದೆಯಂತೆ ಕೇಂದ್ರ ಗೃಹ ಮಂತ್ರಾಲಯದ ಅನುಮತಿ ಬೇಕು. 2020ರ ತಿದ್ದುಪಡಿಯ ಅನಂತರ ಅಂತಹ ಹಣ ಮೊದಲು ಬರಬೇಕಾದದ್ದು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ನಮ್ಮಂತಹ ಪುಟ್ಟ ಸಂಘಕ್ಕೆ ಇದು ಎಟುಕುವ ಕೆಲಸವಲ್ಲ. "ನನ್ನ ಶಾಲೆಗೆ ನಾನೇ ಪರದೇಶಿಯಾದೆನಲ್ಲ ಮಾರಾಯ್ತಿ" ಎಂದು ಅವಳು ದೂರವಾಣಿಯಲ್ಲಿ ನಕ್ಕಳು. ನಗುವಿನಲ್ಲಿ ನೋವಿತ್ತು.

ಇಂತಹ ತೊಡಕುಗಳನ್ನು ಹೇಗೋ ನಿಭಾಯಿಸಬಹುದು. ನಿಜವಾದ ಪರೀಕ್ಷೆ ಬಂದದ್ದು ಕೊಡುವ ಬಗೆಯಲ್ಲಿ. ಶನಿವಾರ ಮಧ್ಯಾಹ್ನ ವಿದ್ಯಾರ್ಥಿನಿಯರೆಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ, ನೆರವು ಪಡೆಯುವವರ ಹೆಸರು ಕರೆದು, ವೇದಿಕೆಯ ಮೇಲೆ ದಾನಿಗಳಿಂದಲೇ ಲಕೋಟೆ ಕೊಡಿಸಿ, ಭಾವಚಿತ್ರ ತೆಗೆಯುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಒಬ್ಬ ಹುಡುಗಿಯ ಹೆಸರನ್ನು ಮೂರು ಬಾರಿ ಕರೆದರೂ ಅವಳು ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅವಳನ್ನು ವಾಚನಾಲಯದಲ್ಲಿ ಕಂಡರು. ಗದರಿಸದೆ ಕಾರಣ ಕೇಳಿದರು. "ಹಣ ಬೇಡ ಅಂತ ಅಲ್ಲ ಸಿಸ್ಟರ್. ನಮ್ಮ ಕ್ಲಾಸಿನವರೆಲ್ಲ ಕೆಳಗೆ ಕೂತಿದ್ದಾರೆ. ಅವರಿಗೆ ನಮ್ಮ ಮನೆಯ ಕಥೆ ಗೊತ್ತಿಲ್ಲ" ಎಂದಳಂತೆ.

ಮರುದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಅಭಿಪ್ರಾಯಗಳು ಎರಡಾದವು. ಕೊಡುವವರ ಮುಖ ನೋಡುವ ಸೌಜನ್ಯವಾದರೂ ಬೇಡವೇ ಎಂದು ಕೆಲವರು ಕೇಳಿದರು. ಕಣ್ಣಾರೆ ಕಂಡರೆ ತಾನೇ ಇತರರಿಗೂ ಕೊಡುವ ಮನಸ್ಸಾಗುವುದು ಎಂಬ ವಾದವೂ ಬಂದಿತು. ಅದರಲ್ಲಿ ಸತ್ಯವಿಲ್ಲದಿಲ್ಲ, ಭಾವಚಿತ್ರಗಳನ್ನು ನೋಡಿಯೇ ಹಣ ಕಳುಹಿಸಿದವರಿದ್ದರು. ಆಗ ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ, ನಮಗೆಲ್ಲರಿಗಿಂತ ಹಿರಿಯರಾದ ಒಬ್ಬ ಅಕ್ಕ ಎದ್ದು ನಿಂತರು. "ನಮ್ಮ ಕಾಲದಲ್ಲಿ ಸಿಸ್ಟರುಗಳು ಸಮವಸ್ತ್ರ ಮಾಡಿದ್ದು ಯಾಕೆ? ಯಾರದು ಸಿರಿವಂತರ ಮನೆ, ಯಾರದು ಬಡವರ ಮನೆ ಅಂತ ನೋಡಿದವರಿಗೆ ಗೊತ್ತಾಗಬಾರದು ಅಂತ. ಸಮವಸ್ತ್ರ ಮುಚ್ಚಿಟ್ಟದ್ದನ್ನು ಈ ವೇದಿಕೆ ಬಿಚ್ಚಿಟ್ಟಿತು. ನನ್ನ ಫೀಸು ಮೂರು ವರ್ಷ ಯಾರು ಕಟ್ಟಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಾನು ಯಾರ ಮುಂದೆಯೂ ತಲೆತಗ್ಗಿಸದೆ ಓದಿದೆ" ಎಂದರು. ಅವರು ಹೆಚ್ಚು ಮಾತನಾಡುವವರಲ್ಲ. ಸಭೆ ಬಹಳ ಹೊತ್ತು ಸುಮ್ಮನಿತ್ತು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬರ್ಥದ ಯೇಸುಸ್ವಾಮಿಯ ಬೋಧನೆಯನ್ನು ನಾವು ಸಾಮಾನ್ಯವಾಗಿ ಕೊಡುವವರಿಗೆ ಹೇಳಿದ ಬುದ್ಧಿಮಾತೆಂದು ತಿಳಿಯುತ್ತೇವೆ. ಡಂಭಾಚಾರದಿಂದ ದಾನಿಯ ಪುಣ್ಯ ಕೆಡುತ್ತದೆ ಎಂಬಲ್ಲಿಗೆ ಅದರ ಅರ್ಥವನ್ನು ಮುಗಿಸುತ್ತೇವೆ. ಆದರೆ ಆ ಗುಟ್ಟಿನಿಂದ ರಕ್ಷಣೆ ದೊರೆಯುವುದು ಪಡೆಯುವವರಿಗೆ. ಬಡವರ ಮಾನವೂ ಅವರ ಆಸ್ತಿಯೇ. ಒಂದು ಕೈಯಿಂದ ಹಣ ಕೊಟ್ಟು ಇನ್ನೊಂದು ಕೈಯಿಂದ ಆ ಆಸ್ತಿಯನ್ನು ಕಸಿದರೆ ಕೊಟ್ಟಂತಾಗುವುದೆಂತು?

ಅಂದಿನಿಂದ ವೇದಿಕೆಯ ವಿತರಣೆ ನಿಂತಿತು. ಹಣ ಶಾಲೆಯ ಖಾತೆಗೆ ಸಂದಾಯವಾಗುತ್ತದೆ. ಯಾರಿಗೆ ಏನು ಬೇಕೆಂಬುದನ್ನು ತರಗತಿಯ ಶಿಕ್ಷಕಿ, ಮುಖ್ಯೋಪಾಧ್ಯಾಯಿನಿ ಮತ್ತು ಸಂಘದ ಒಬ್ಬ ಪ್ರತಿನಿಧಿ ಮನೆಗೆ ಹೋಗಿ ಕಂಡು ನಿರ್ಧರಿಸುತ್ತಾರೆ. ಮಹಾಸಭೆಯ ಮುಂದೆ ಮೊತ್ತ ಮತ್ತು ಉದ್ದೇಶಗಳನ್ನು ಪೈಸೆ ಪೈಸೆಯೂ ಬಿಡದೆ ಓದುತ್ತೇವೆ, ಹೆಸರುಗಳನ್ನು ಓದುವುದಿಲ್ಲ. ಲೆಕ್ಕ ಬಹಿರಂಗ, ಮಕ್ಕಳು ಅಂತರಂಗ. ಮೊದಲ ವರ್ಷ ದೇಣಿಗೆ ಸ್ವಲ್ಪ ಇಳಿದದ್ದು ನಿಜ. ಭಾವಚಿತ್ರವಿಲ್ಲದೆ ಕೊಡುವ ಅಭ್ಯಾಸಕ್ಕೂ ಕಾಲ ಬೇಕು. ಆ ಹುಡುಗಿ ಪರೀಕ್ಷೆ ಬರೆದು ಮುಂದೆ ಓದಲು ಹೋದಳು. ಅವಳು ಯಾರೆಂದು ನಮ್ಮಲ್ಲಿ ಹಲವರಿಗೆ ತಿಳಿಯದು. ಹಾಗೆಯೇ ಇರಲಿ.

ಇದಾದ ಮೇಲೆ ಬಂದ ಮತ್ತೊಂದು ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಪ್ರತಿ ವರ್ಷವೂ ಮಿಲನದ ಮುನ್ನಾದಿನಗಳಲ್ಲಿ ಮಠದ ಬಾಗಿಲಿಗೆ ಒಬ್ಬ ಹೆಂಗಸು ಬಂದು, ಮಡಿಸಿದ ಕಾಗದದಲ್ಲಿ ನೂರು ರೂಪಾಯಿಗಳನ್ನಿಟ್ಟು ಸಿಸ್ಟರ ಕೈಗೆ ಕೊಟ್ಟುಹೋಗುತ್ತಿದ್ದಳು. ಬೀಡಿಯ ವಾರದ ಬಟವಾಡೆಯಿಂದ ತೆಗೆದಿಟ್ಟ ಹಣ. ರಶೀದಿ ಬರೆಯಲು ಕುಳಿತರೆ ಅದರಲ್ಲಿ 'ಎಸ್ಸೆಸ್ಸೆಲ್ಸಿ ಉತ್ತೀರ್ಣರಾದ ವರ್ಷ' ಎಂಬ ಅಂಕಣ. ಅವಳಿಗೆ ಅಂತಹ ವರ್ಷವೇ ಇಲ್ಲ. ಒಂಬತ್ತನೆಯ ತರಗತಿಯ ನಡುವೆ ತಾಯಿ ಕ್ಷಯದಿಂದ ಹಾಸಿಗೆ ಹಿಡಿದಾಗ, ತಮ್ಮಂದಿರನ್ನು ಸಾಕಲು ಬೀಡಿಯ ತಡ್ಪೆಯ ಮುಂದೆ ಕುಳಿತವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಸಂಘದ ನಿಯಮಾವಳಿಯಂತೆ ಸದಸ್ಯತ್ವ ಇದ್ದದ್ದು ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮಾತ್ರ. ಹಾಗಾಗಿ ಅವಳ ನೂರು ರೂಪಾಯಿ 'ಹಿತೈಷಿಗಳು' ಎಂಬ ತಲೆಬರಹದಡಿಯಲ್ಲಿ ಸೇರುತ್ತಿತ್ತು. ಅವಳು ಹಿತೈಷಿಯಲ್ಲ, ನನ್ನ ಪಕ್ಕದ ಬೆಂಚಿನವಳು.

ಒಂದು ದಿನ ನಾನೇ ಅವಳ ಮನೆಗೆ ಹೋದೆ. ಮಿಲನಕ್ಕೆ ಯಾಕೆ ಬರುವುದಿಲ್ಲವೆಂದು ಕೇಳಿದೆ. "ಎಂತ ಟೀಚರುಗಳೂ ಆಫೀಸರುಗಳೂ ಬರುವಲ್ಲಿ ನಾನು ಎಂತ ಮಾಡ್ಲಿಕ್ಕೆ ಬರುವುದು? ನಾನು ಅರ್ಧದಲ್ಲಿ ಬಿಟ್ಟವಳಲ್ಲವಾ?" ಎಂದು ಅವಳು ಕೈಯ ಕೆಲಸ ನಿಲ್ಲಿಸದೆ ಹೇಳಿದಳು. ಹಾಗಾದರೆ ಹಣ ಕೊಡುವುದು ಯಾಕೆ? "ಅದು ಬೇರೆ. ಓದಲಿಕ್ಕೆ, ಬರೆಯಲಿಕ್ಕೆ ಕಲಿಸಿದ್ದು ಅದೇ ಶಾಲೆಯಲ್ಲವಾ? ಬ್ರಾಂಚಿನಲ್ಲಿ ನನ್ನ ಲೆಕ್ಕ ನಾನೇ ನೋಡುತ್ತೇನೆ. ಇಷ್ಟು ವರ್ಷ ಯಾರೂ ನನಗೆ ಮೋಸ ಮಾಡಲಿಲ್ಲ" ಎಂದಳು. ವಿದ್ಯೆಯ ಪ್ರಯೋಜನವನ್ನು ಕುರಿತು ನಮ್ಮ ವೇದಿಕೆಗಳ ಮೇಲೆ ಅದೆಷ್ಟೋ ಭಾಷಣಗಳನ್ನು ಕೇಳಿದ್ದೇನೆ. ಇಷ್ಟು ಖಚಿತವಾದ ಮಾತನ್ನು ಕೇಳಿರಲಿಲ್ಲ.

ಈ ವಿಷಯವನ್ನು ಕಾರ್ಯಕಾರಿ ಸಮಿತಿಯ ಮುಂದಿಟ್ಟಾಗ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮಾತಾಡದೆ ಎದ್ದುಹೋಗಿ, ಕಚೇರಿಯ ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಕೆಂಪು ಬಟ್ಟೆಯ ರಟ್ಟು, ಗೆದ್ದಲು ತಿಂದ ಅಂಚು, ಭಗಿನಿಯರ ದುಂಡಗಿನ ಕೈಬರಹ. ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ನಮ್ಮ ವರ್ಷದ ಎಂಟನೆಯ ತರಗತಿಗೆ ಸೇರಿದವರು 41 ಮಂದಿ. ಹತ್ತನೆಯ ತರಗತಿಯ ಸಮೂಹ ಚಿತ್ರದಲ್ಲಿರುವವರು 27. ನಡುವೆ ಕಾಣೆಯಾದ 14 ಮಂದಿಯ ಎದುರಿಗೆ ಕೊನೆಯ ಅಂಕಣದಲ್ಲಿ 'ಮನೆಕೆಲಸ', 'ಮದುವೆ', 'ಬಡತನ' ಎಂದು ಒಂದೊಂದೇ ಪದ. ಕೆಲವು ಸಾಲುಗಳಲ್ಲಿ ಆ ಅಂಕಣ ಖಾಲಿ. ನಮ್ಮ ಜೊತೆಗೆ ಕುಂಟೆಬಿಲ್ಲೆ ಆಡಿದವರ ಬಾಲ್ಯ ಮುಗಿದದ್ದಕ್ಕೆ ಉಳಿದಿರುವ ದಾಖಲೆ ಅಷ್ಟೇ.

ಆಕ್ಷೇಪಗಳು ಇರಲಿಲ್ಲವೆಂದಲ್ಲ. ಕಷ್ಟಪಟ್ಟು ಓದಿ ಮುಗಿಸಿದವರಿಗೆ ಬೆಲೆಯೇ ಇಲ್ಲವೇ ಎಂದು ಕೇಳಿದವರಿದ್ದರು. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಅವರಲ್ಲಿ ಕೆಲವರು ಬೀಡಿ ಕಟ್ಟಿಯೇ ಓದಿದವರು. ಆದರೆ ಹಳೆ ವಿದ್ಯಾರ್ಥಿನಿಯೆಂಬುದು ಪರೀಕ್ಷೆಯಲ್ಲಿ ಗೆದ್ದವರಿಗೆ ಕೊಡುವ ಬಹುಮಾನವೋ, ಒಂದು ಮನೆಯಲ್ಲಿ ಬೆಳೆದವರಿಗೆ ಇರುವ ಸಂಬಂಧವೋ ಎಂಬುದನ್ನು ನಿರ್ಧರಿಸಬೇಕಾಗಿತ್ತು. ವಿಶೇಷ ಮಹಾಸಭೆ ಕರೆಯಲಾಯಿತು. 'ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರಿರುವ ಯಾರೇ ಆದರೂ' ಎಂದು ನಿಯಮ ತಿದ್ದುಪಡಿಯಾಗಿ ನೋಂದಣಾಧಿಕಾರಿಗಳಿಗೆ ಸಲ್ಲಿಕೆಯಾಯಿತು. ರಶೀದಿಯ ಅಂಕಣ 'ಶಾಲೆಗೆ ಸೇರಿದ ವರ್ಷ' ಎಂದು ಬದಲಾಯಿತು. ಮಿಲನಕ್ಕೆ ಇದ್ದ ಪ್ರವೇಶ ಶುಲ್ಕದ ಜಾಗದಲ್ಲಿ ಬಾಗಿಲ ಬಳಿ ಒಂದು ಮುಚ್ಚಿದ ಪೆಟ್ಟಿಗೆ ಇಟ್ಟೆವು. ಹಾಕಿದವರೆಷ್ಟು, ಹಾಕದವರೆಷ್ಟು ಎಂದು ನೋಡುವವರಿಲ್ಲ.

ಪತ್ರಗಳನ್ನು ಬರೆದರೆ ಬರುವುದಿಲ್ಲವೆಂದು ತಿಳಿದು ಆಯಾ ತರಗತಿಯವರೇ ಮನೆಮನೆಗೆ ಹೋದರು. ಹದಿನಾಲ್ಕು ಮಂದಿಯಲ್ಲಿ ಮೂವರು ತೀರಿಹೋಗಿದ್ದರು. ಇಬ್ಬರ ಸುಳಿವು ಸಿಗಲಿಲ್ಲ. ಮೊದಲ ವರ್ಷ ಬಂದವರು ನಾಲ್ವರು. ನನ್ನ ಪಕ್ಕದ ಬೆಂಚಿನವಳು ಆ ವರ್ಷ ಬರಲಿಲ್ಲ. ಮರುವರ್ಷ ಮೊಮ್ಮಗಳ ಕೈಹಿಡಿದು ಬಂದಳು. ಸಾಲಿನಲ್ಲಿ ನಿಂತಳು, ಸಮಾಧಿಯ ಮೇಲೆ ಹೂವಿಟ್ಟಳು, ಊಟದ ಬಳಿಕ ಎಲ್ಲರಿಗಿಂತ ಮೊದಲು ಎದ್ದು ಬಾಳೆಲೆ ತೆಗೆಯಲು ಹೋದಾಗ ಆ ಅಂಚೆಯ ಅಕ್ಕ ಅವಳ ಕೈಹಿಡಿದು ಕೂರಿಸಿದರು. ಆ ವರ್ಷದ ರಶೀದಿಯಲ್ಲಿ ಅವಳು ಶಾಲೆಗೆ ಸೇರಿದ ವರ್ಷವನ್ನು ತಾನೇ ಹೇಳಿ ಬರೆಸಿದಳು, ತನ್ನ ಕೈಯಿಂದಲೇ ಸಹಿ ಹಾಕಿದಳು.

ಶುಭಸಂದೇಶದ ಕಳೆದುಹೋದ ಕುರಿಯ ಸಾಮತಿ ನಮಗೆಲ್ಲ ಬಾಯಿಪಾಠ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೋದ ಕುರುಬನ ಪ್ರೀತಿಯನ್ನು ಕುರಿತು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಅವನು ಹುಡುಕಲು ಹೊರಡುವ ಮೊದಲು ಮಾಡಿದ ಒಂದು ಸಣ್ಣ ಕೆಲಸವಿದೆ, ಅವನು ಎಣಿಸಿದ. ಎಣಿಸಿದ್ದರಿಂದಲೇ ಒಂದು ಇಲ್ಲವೆಂಬುದು ತಿಳಿಯಿತು. ಕೊಟ್ಟಿಗೆಯಲ್ಲಿ ಇದ್ದವನ್ನು ಮಾತ್ರ ಎಣಿಸಿ, ಇಷ್ಟೇ ನನ್ನ ಕುರಿಗಳೆಂದು ಅವನು ತೃಪ್ತನಾಗಿದ್ದರೆ ಸಾಮತಿಯೇ ಇರುತ್ತಿರಲಿಲ್ಲ. ಸಂಘಸಂಸ್ಥೆಗಳಿಗೆ ಒದಗುವ ಅಪಾಯ ಇದೇ. ಬಂದವರನ್ನು ಎಣಿಸಿ, ಸಭಾಂಗಣ ತುಂಬಿತೆಂದು ಸಂತೋಷಪಡುತ್ತೇವೆ. ಬಾರದವರ ಪಟ್ಟಿಯನ್ನು ಇಟ್ಟುಕೊಳ್ಳುವವರು ವಿರಳ.

ಮುಂದಿನ ದಾರಿ ಸುಗಮವಾಗಿದೆಯೆಂದು ಹೇಳಲಾರೆ. ಕನ್ನಡ ಮಾಧ್ಯಮದ ತರಗತಿಗಳಿಗೆ ಸೇರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೋ ಕನ್ನಡವನ್ನೋ ಕಡ್ಡಾಯ ಮಾಧ್ಯಮವಾಗಿಸಲು ರಾಜ್ಯ ಸರಕಾರ 1994ರಲ್ಲಿ ಹೊರಡಿಸಿದ ಆದೇಶ ದೀರ್ಘಕಾಲ ನ್ಯಾಯಾಲಯಗಳಲ್ಲಿ ಉಳಿದು, 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಮಾಧ್ಯಮದ ಆಯ್ಕೆ ಮಗು ಮತ್ತು ಪಾಲಕರಿಗೆ ಸೇರಿದ್ದೆಂದು ತೀರ್ಪಿತ್ತಿತು. ಪಾಲಕರ ಆಯ್ಕೆ ಯಾವ ಕಡೆಗೆ ಹರಿಯುತ್ತಿದೆಯೆಂಬುದನ್ನು ಬೆಳಗ್ಗೆ ನಮ್ಮ ಪೇಟೆಯ ರಸ್ತೆಯಲ್ಲಿ ನಿಂತರೆ ಹಳದಿ ಬಣ್ಣದ ಬಸ್ಸುಗಳೇ ಹೇಳುತ್ತವೆ. ನಮ್ಮಂತಹ ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದ ಶಿಕ್ಷಕಿಯರ ಸ್ಥಾನಗಳು ವರ್ಷಗಟ್ಟಲೆ ತುಂಬದೆ ಉಳಿಯುತ್ತವೆ. ಬದಲಿಗೆ ಬಂದವರ ಗೌರವಧನವನ್ನು ಆಡಳಿತ ಮಂಡಳಿಯೇ ಹೊಂದಿಸಬೇಕು. ಶಾಲೆಗೊಂದು ಸ್ವಾಗತ ಕಮಾನು ಕಟ್ಟಿಸಬೇಕೆಂಬ ಸೂಚನೆ ಸಂಘದ ಮುಂದೆ ಬಂದಾಗ ಅದನ್ನು ಬದಿಗಿರಿಸಿ, ಗಣಿತ ಕಲಿಸುವ ಒಬ್ಬ ಶಿಕ್ಷಕಿಯ ಗೌರವಧನವನ್ನು ವಹಿಸಿಕೊಳ್ಳಲು ಬಹುಮತದ ನಿರ್ಣಯವಾಯಿತು. ಕಮಾನಿನ ಮೇಲೆ ಹೆಸರು ಕೆತ್ತಿಸಲು ಮುಂದೆ ಬಂದಿದ್ದ ಒಬ್ಬರು ಬೇಸರಗೊಂಡು ಸಂಘದಿಂದ ದೂರ ಸರಿದರು. ಅವರ ಹೆಸರೂ ದಾಖಲಾತಿ ಪುಸ್ತಕದಲ್ಲಿದೆ. ಅವರನ್ನೂ ಪ್ರತಿ ವರ್ಷ ಕರೆಯುತ್ತೇವೆ.

ಇಷ್ಟಾಗಿಯೂ ಈ ಶಾಲೆ ಕನ್ನಡ ಶಾಲೆಯಾಗಿ ಎಷ್ಟು ಕಾಲ ನಡೆದೀತೆಂಬುದು ದೇವರಿಗೇ ತಿಳಿದ ವಿಷಯ. ಒಬ್ಬ ಶಿಕ್ಷಕಿಯ ಗೌರವಧನದಿಂದ ಕಾಲದ ಹರಿವನ್ನು ತಡೆಯಲಾಗದು. ಆದರೆ ಇಂದು ಆ ಬೆಂಚಿನಲ್ಲಿ ಕುಳಿತಿರುವ ಹುಡುಗಿಗೆ ಇಂದಿನ ಗಣಿತದ ಪಾಠ ತಪ್ಪಬಾರದು. ಅವಳಲ್ಲಿ ಯಾರು ಆಫೀಸರಾಗುವಳೋ, ಯಾರು ಅರ್ಧದಲ್ಲಿ ಬಿಡುವಳೋ ನಾವರಿಯೆವು. ಅರ್ಧದಲ್ಲಿ ಬಿಟ್ಟರೂ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವಷ್ಟನ್ನಾದರೂ ಅವಳು ಕೊಂಡೊಯ್ಯಬೇಕು.

ಓದುಗರಲ್ಲಿ ಒಂದು ವಿನಂತಿ. ನಮ್ಮ ಧರ್ಮಕೇಂದ್ರಗಳ ಬದಿಯಲ್ಲಿ ಇಂತಹ ಹಳೆಯ ಶಾಲೆಗಳು ಇನ್ನೂ ಉಳಿದಿವೆ. ಅಲ್ಲಿ ಓದಿದವರು ನೀವಾಗಿದ್ದರೆ, ಶತಮಾನೋತ್ಸವದ ಆಮಂತ್ರಣ ಬರುವವರೆಗೆ ಕಾಯಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಅನುಮತಿ ಪಡೆದು, ನಿಮ್ಮ ವರ್ಷದ ದಾಖಲಾತಿ ಪುಸ್ತಕವನ್ನು ತೆರೆಯಿರಿ. ನಿಮ್ಮ ಹೆಸರನ್ನು ಹುಡುಕಿದ ಬಳಿಕ ಅದರ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಓದಿ. ಆ ಹೆಸರಿನವರು ಈಗ ಎಲ್ಲಿದ್ದಾರೆಂದು ಯಾರನ್ನಾದರೂ ಕೇಳಿ. ಸೇವೆಯೆಂಬುದು ಅಲ್ಲಿಂದ ಆರಂಭವಾಗಲಿ.